ಸ್ಪ್ಯಾನ್ (ಸಿ ಶಾರ್ಪ್)

ಮೆಮೊರಿಯಲ್ಲಿ ಒತ್ತೊತ್ತಾಗಿ ಸಾಲಾಗಿರುವ ದತ್ತಾಂಶವನ್ನು ನಕಲು ಮಾಡದೆ, ಗಡಿ ಮೀರದೆ ಓದಿ ಬರೆಯಲು ಸಿ ಶಾರ್ಪ್ ಭಾಷೆಯಲ್ಲಿರುವ ಟೈಪ್. 2018ರಲ್ಲಿ ಡಾಟ್‌ನೆಟ್ ಕೋರ್ 2.1ರೊಂದಿಗೆ ಬಂತು. ಅದರೊಳಗಿರುವುದು ಎರಡೇ: ಮೊದಲ ಅಂಶದ ರೆಫರೆನ್ಸ್ ಮತ್ತು ಉದ್ದ. ಅರೇ, ಸ್ಟ್ಯಾಕ್, ಗಾರ್ಬೇಜ್ ಕಲೆಕ್ಟರ್‌ನ ಹತೋಟಿಗೆ ಹೊರಗಿನ ಮೆಮೊರಿ, ಮೂರನ್ನೂ ಇದರಿಂದ ಒಂದೇ ಬಗೆಯಲ್ಲಿ ಬಳಸಬಹುದು.

ಮೊದಲು ವೇಗ ಬೇಕೆಂದವರು ಅನ್‌ಸೇಫ್ ಕೋಡ್ ಬರೆದು ಪಾಯಿಂಟರ್ ಹಿಡಿಯುತ್ತಿದ್ದರು. ಅದು ಗಡಿ ದಾಟಿದರೆ ಪಕ್ಕದ ದತ್ತಾಂಶವೇ ಕೆಡುತ್ತಿತ್ತು. ಸ್ಪ್ಯಾನ್‌ನಲ್ಲಿ ಹಾಗಾಗದು. 10 ಅಂಶಗಳಿರುವಲ್ಲಿ ಇಂಡೆಕ್ಸ್ 10 ಕೇಳಿದರೆ (ಎಣಿಕೆ ಸೊನ್ನೆಯಿಂದ ಶುರು) ತಕ್ಷಣ ಎಕ್ಸೆಪ್ಷನ್ ಬರುತ್ತದೆ. ಈ ತಪಾಸಣೆ ದುಬಾರಿ ಎಂಬ ಅಂಜಿಕೆ ಬಹುಮಟ್ಟಿಗೆ ಅನಗತ್ಯ: ಲೂಪ್ ಸೊನ್ನೆಯಿಂದ ಸ್ಪ್ಯಾನ್‌ನ ಉದ್ದದವರೆಗೆ ಓಡುವಾಗ ಜಿಟ್ ಕಂಪೈಲರ್ ಸಾಮಾನ್ಯವಾಗಿ ಅದನ್ನು ತೆಗೆದುಹಾಕುತ್ತದೆ. ಫಾರ್‌ಈಚ್ ಬಳಸಿದರೆ ಇಂಡೆಕ್ಸಿನ ಗೊಡವೆಯೇ ಇಲ್ಲ.

ಸ್ಪ್ಯಾನ್ ಸ್ಟ್ಯಾಕ್‌ನಲ್ಲಷ್ಟೇ ಇರಬಲ್ಲದು. ಕ್ಲಾಸಿನ ಫೀಲ್ಡ್ ಆಗಲಾರದು, ಅವೈಟ್ ದಾಟಿ ಉಳಿಯಲಾರದು. ಇದು ಕೊರತೆಯಲ್ಲ, ಸ್ಟ್ಯಾಕ್‌ನ ಮೆಮೊರಿ ಅಳಿದ ಮೇಲೂ ಅದನ್ನು ತೋರಿಸುವ ರೆಫರೆನ್ಸ್ ಉಳಿಯದಂತೆ ನೋಡಿಕೊಳ್ಳುವುದೇ ಈ ಕಟ್ಟುಪಾಡಿನ ಉದ್ದೇಶ.

ಒಂದು ಕಡೆ ಎಚ್ಚರ ಬೇಕು. ಲಿಸ್ಟ್‌ನಿಂದ ಸ್ಪ್ಯಾನ್ ಪಡೆದು ಸುತ್ತುತ್ತಿರುವಾಗ ಆ ಲಿಸ್ಟ್‌ಗೆ ಹೊಸ ಅಂಶ ಸೇರಿಸಬೇಡಿ: ಲಿಸ್ಟ್ ದೊಡ್ಡ ಅರೇಗೆ ಸ್ಥಳಾಂತರವಾದರೂ ಸ್ಪ್ಯಾನ್ ಹಳೆಯದನ್ನೇ ತೋರಿಸುತ್ತಿರುತ್ತದೆ.