ಸಿಹಿನೀರಿನ ಬಸವನಹುಳು ಮತ್ತು ಲೋಹಮಾಲಿನ್ಯ: ಕಡೂರು, ತರೀಕೆರೆ, ಅಜ್ಜಂಪುರ

ಈ ಮೂರು ತಾಲ್ಲೂಕುಗಳು ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿಗೂ ಬಯಲುಸೀಮೆಗೂ ನಡುವೆ ಇವೆ. ದಕ್ಷಿಣ ಭಾರತದ ಕೆರೆ, ನಾಲೆ, ಗದ್ದೆಗಳಲ್ಲಿ ಸಾಮಾನ್ಯವಾದ ಪೈಲಾ, ಬೆಲ್ಲಾಮಿಯಾ, ಲಿಮ್ನಿಯಾ, ಇಂಡೋಪ್ಲಾನಾರ್ಬಿಸ್ ಕುಲದ ಬಸವನಹುಳುಗಳು ಪಾಚಿಯನ್ನೂ ಕೊಳೆತ ಎಲೆಯನ್ನೂ ತಿನ್ನುತ್ತವೆ. ಹೂಳಿಗೆ ಅಂಟಿದ ಲೋಹ ಹೀಗೆ ಆಹಾರದ ಮೂಲಕವೂ ಒಳಸೇರುತ್ತದೆ.

ತಾಮ್ರ. ಲೋಹಮಾಲಿನ್ಯವೆಂದರೆ ಗಣಿ ನೆನಪಾಗುತ್ತದೆ. ಇಲ್ಲಿ ಮೊದಲು ನೋಡಬೇಕಾದ್ದು ತೋಟ. ಮೈಸೂರು ಸಂಸ್ಥಾನದ ಸಸ್ಯರೋಗ ತಜ್ಞ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ವರದಿ ಪ್ರಕಟಿಸಿದ್ದು 1910ರಲ್ಲಿ. ಆ ರೋಗಕ್ಕೆ ಬೋರ್ಡೋ ದ್ರಾವಣವೇ ಇಂದಿಗೂ ಮುಖ್ಯ ಔಷಧಿ. ಶೇ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, ಅಷ್ಟೇ ಸುಣ್ಣ. ಮೈಲುತುತ್ತದಲ್ಲಿ ಕಾಲು ಪಾಲು ತಾಮ್ರ. ಅಂದರೆ 100 ಲೀಟರಿನಲ್ಲಿ ಸುಮಾರು 250 ಗ್ರಾಂ. ಕಾಫಿಗೂ ಇದನ್ನು ಹೊಡೆಯುತ್ತಾರೆ. ಮಳೆಗೆ ತೊಳೆದುಹೋದ ತಾಮ್ರ ಬಹುಪಾಲು ಮಣ್ಣಿಗೆ ಕಚ್ಚಿಕೊಳ್ಳುತ್ತದೆ. ಆ ಮಣ್ಣು ಕೊಚ್ಚಿಹೋದಾಗ ಕೆರೆಯ ಹೂಳು ಸೇರುವ ಸಾಧ್ಯತೆ ಹೆಚ್ಚು.

ಹೆಚ್ಚಿನ ಬಸವನಹುಳುಗಳ ರಕ್ತದಲ್ಲಿ ಆಮ್ಲಜನಕ ಸಾಗಿಸುವ ಹಿಮೋಸಯನಿನ್‌ಗೆ ತಾಮ್ರ ಬೇಕೇ ಬೇಕು (ಇಂಡೋಪ್ಲಾನಾರ್ಬಿಸ್ ಇದಕ್ಕೆ ಹೊರತು, ಅದರದು ಹಿಮೋಗ್ಲೋಬಿನ್ನಿನ ಕೆಂಪು ರಕ್ತ). ಮಿತಿ ಮೀರಿದರೆ ಅದೇ ತಾಮ್ರ, ನೀರಿನಿಂದ ಸೋಡಿಯಂ ಹೀರುವ ಕ್ರಿಯೆಯನ್ನು ತಡೆಯುತ್ತದೆ. ಹುಳು ಮೇಯುವುದನ್ನು ಬಿಡುತ್ತದೆ, ಮೊಟ್ಟೆ ಕಡಿಮೆಯಾಗುತ್ತದೆ. ಗಡಸು ನೀರಿನಲ್ಲಿ ವಿಷದ ತೀವ್ರತೆ ತಗ್ಗುವುದರಿಂದ, ಮಲೆನಾಡಿನ ಮೆದು ನೀರಿನ ಹಳ್ಳಗಳಲ್ಲಿ ಅಪಾಯ ಹೆಚ್ಚೆನ್ನಬಹುದು.

ಬಸವನಹುಳು ಕೊಲ್ಲಲೆಂದೇ ಮೈಲುತುತ್ತವನ್ನು ನೀರಿಗೆ ಹಾಕುತ್ತಿದ್ದುದೂ ಉಂಟು. ದನಗಳ ಪಿತ್ತಜನಕಾಂಗದ ಚಪ್ಪಟೆಹುಳು ಫ್ಯಾಸಿಯೋಲಾದ ಮರಿಗಳು ಬೆಳೆಯುವುದು ಲಿಮ್ನಿಯಾದ ಮೈಯೊಳಗೆ. ಅಮೃತಮಹಲ್ ತಳಿ ಕೇಂದ್ರವಿರುವ ಅಜ್ಜಂಪುರದಂಥ ಕಡೆ ಈ ಸಂಬಂಧವನ್ನು ಮರೆಯುವಂತಿಲ್ಲ.

ಕಬ್ಬಿಣ. ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿ ಕಾರ್ಖಾನೆಗೆ ಹೋಗುತ್ತಿತ್ತು. ಭದ್ರಾ ನದಿಯ ಮೇಲ್ದಂಡೆಯ ಕುದುರೆಮುಖ ಗಣಿ 2005ರ ಕೊನೆಗೆ ನಿಂತಿತು. ಲಕ್ಕವಳ್ಳಿಯ ಜಲಾಶಯ ಅದರ ಕೆಳಗಿದೆ. ಕಬ್ಬಿಣದ ವಿಷಕ್ಕಿಂತ, ಕಲ್ಲಿನ ಮೇಲಿನ ಪಾಚಿಯನ್ನು ಮುಚ್ಚುವ ಕೆಂಪು ಹೂಳೇ ಹೆಚ್ಚು ಹಾನಿಕರ.

ಸೀಸ, ಕ್ಯಾಡ್ಮಿಯಂ. ಯುರೋಪಿನ ಲಿಮ್ನಿಯಾ ಸ್ಟಾಗ್ನಾಲಿಸ್ ಮರಿಗಳ ಬೆಳವಣಿಗೆ ಲೀಟರಿಗೆ 4 ಮೈಕ್ರೊಗ್ರಾಂಗೂ ಕಡಿಮೆ ಸೀಸಕ್ಕೆ ಕುಂಠಿತವಾಗುತ್ತದೆ. ಭಾರತದಲ್ಲಿ ಕುಡಿಯುವ ನೀರಿನ ಮಿತಿ 10. ಕ್ಯಾಡ್ಮಿಯಂ ಜೀರ್ಣಗ್ರಂಥಿಯಲ್ಲಿ ಪ್ರೋಟೀನಿಗೆ ಅಂಟಿ ಉಳಿಯುತ್ತದೆ.

ಸೂಚಕವಾಗಿ. ಬೆಲ್ಲಾಮಿಯಾ, ಪೈಲಾ ಚಿಪ್ಪಿನ ಮುಚ್ಚಳ ಬಿಗಿದು ಕೆಟ್ಟ ನೀರನ್ನು ಕೆಲಕಾಲ ತಾಳಬಲ್ಲವು. ಹಾಗಾಗಿ ಅವು ಕಂಡವೆಂದು ಕೆರೆ ಶುದ್ಧವೆನ್ನಲಾಗದು. ಮುಚ್ಚಳವಿಲ್ಲದ ಲಿಮ್ನಿಯಾದ ಮೊಟ್ಟೆ, ಮರಿಗಳನ್ನು ಹುಡುಕುವುದು ಹೆಚ್ಚು ನಂಬತಕ್ಕ ಪರೀಕ್ಷೆ.