ಅಮ್ಮನ ಅಟ್ಟ

ಬ್ಯಾಂಕಿನ ನೌಕರಿಯವರ ಕೈಹಿಡಿದವಳಿಗೆ ಗಂಟುಮೂಟೆ ಕಟ್ಟುವ ವಿದ್ಯೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಏಳು ಊರು, ಹನ್ನೊಂದು ಮನೆ ನನ್ನ ಲೆಕ್ಕ. ಅಷ್ಟು ಸಲವೂ ಲಾರಿ ಎಂದರೆ ಅದರೊಂದಿಗೆ ಡ್ರೈವರ್, ಕ್ಲೀನರ್, ನಾಲ್ಕು ಮಂದಿ ಹಮಾಲರು ಬಂದೇ ಬರುತ್ತಿದ್ದರು. ಬೀರು ಎತ್ತುವುದು ಅವರ ಕೆಲಸ. ಉಪ್ಪಿನಕಾಯಿ ಭರಣಿಯನ್ನು ಹಳೇ ಸೀರೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂರುವುದು ನನ್ನದು. ಬರೀ ಲಾರಿಯನ್ನು ಬಾಡಿಗೆಗೆ ತಂದು, ಮನೆಯವರೇ ತುಂಬಿ, ಮನೆಯವರೇ ಓಡಿಸಿಕೊಂಡು ಹೋಗುವುದನ್ನು ನಾನು ಕಂಡದ್ದು ಅಮೆರಿಕದಲ್ಲಿ, ಮಗಳು ಮನೆ ಬದಲಾಯಿಸಿದಾಗ.

ಹದಿನೈದು ಅಡಿಯ ಲಾರಿಯನ್ನು ಅವಳೇ ಓಡಿಸಿಕೊಂಡು ಬಂದಳು. ಕಾರಿನ ಲೈಸೆನ್ಸೇ ಸಾಕಂತೆ! ದಿನದ ಬಾಡಿಗೆ ಬೇರೆ, ಓಡಿಸಿದ ಮೈಲಿಗೆ ಬೇರೆ. ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲಿತ್ತೋ ಅಷ್ಟು ತುಂಬಿಸಿಯೇ ಒಪ್ಪಿಸಬೇಕು. ಅಳಿಯಂದಿರೂ ಅವರ ಇಬ್ಬರು ಸ್ನೇಹಿತರೂ ಹಮಾಲರಾದರು. ಕೂಲಿ, ಮಧ್ಯಾಹ್ನಕ್ಕೆ ನಾನು ಮಾಡಿದ ಬಿಸಿಬೇಳೆಬಾತು. ಡ್ರೈವರನ ತಲೆಯ ಮೇಲಕ್ಕೆ ಚಾಚಿಕೊಂಡ ಒಂದು ಗೂಡಿತ್ತು. ಒಡೆಯುವ ಸಾಮಾನಿಗೆ ಅದೇ ಜಾಗ. ಅದಕ್ಕೆ ‘ಮಾಮ್ಸ್ ಆಟಿಕ್’ ಎಂದು ಹೆಸರು, ನಮ್ಮ ಮಾತಿನಲ್ಲಿ ಅಮ್ಮನ ಅಟ್ಟ. ಗಾಜಿನ ಸಾಮಾನಿನ ಚಿಂತೆ ಅಲ್ಲಿಯೂ ಅಮ್ಮನಿಗೇ ಬಿಟ್ಟದ್ದು ನೋಡಿ!

ಈ ವ್ಯಾಪಾರದ ಮೂಲ ಹುಡುಕುತ್ತ ಹೋದರೆ ಅಲ್ಲಿ ನಿಜವಾಗಿಯೂ ಒಬ್ಬ ತಾಯಿ ಇದ್ದಾಳೆ. ಎರಡನೆಯ ಮಹಾಯುದ್ಧ ಮುಗಿದ 1945ರ ಬೇಸಿಗೆ. ನೌಕಾಪಡೆಯಿಂದ ಬಿಡುಗಡೆಯಾದ ಲೆನರ್ಡ್ ಶೋಯನ್ ಹೆಂಡತಿ ಆನಾ ಮೇರಿಯೊಂದಿಗೆ ಲಾಸ್ ಏಂಜಲೀಸಿನಿಂದ ಪೋರ್ಟ್‌ಲ್ಯಾಂಡಿಗೆ ಹೊರಟ. ಕಾರಿನ ಹಿಂದೆ ಕಟ್ಟಿ ಎಳೆಯುವ ಟ್ರೈಲರು ಆಗಲೂ ಬಾಡಿಗೆಗೆ ಸಿಗುತ್ತಿತ್ತು, ಆದರೆ ಒಯ್ದ ಊರಿಗೇ ತಂದು ಒಪ್ಪಿಸಬೇಕಿತ್ತು. ಮನೆ ಬಿಟ್ಟು ಹೋಗುವವರು ಖಾಲಿ ಗಾಡಿ ಒಪ್ಪಿಸಲು ಮರಳಿ ಬರುತ್ತಾರೆಯೇ? ಕಾರಿನಲ್ಲಿ ಹಿಡಿಸಿದಷ್ಟನ್ನೇ ಅವರು ಒಯ್ದರು. ಉಳಿದದ್ದನ್ನು ಬಿಡುವಾಗ ಆಕೆಗೆ ಹೇಗಾಗಿತ್ತೆಂದು ನಾನು ಊಹಿಸಬಲ್ಲೆ.

ಆ ಯುದ್ಧಾನಂತರದ ದಿನಗಳಲ್ಲಿ ಸೈನಿಕರ ಸಂಸಾರಗಳು ಊರೂರು ಬದಲಾಯಿಸುತ್ತಿದ್ದವು. ತಮಗಾದ ತೊಂದರೆ ಅವರಿಗೂ ಇದ್ದೀತೆಂದು ದಂಪತಿಗಳು ಐದು ಸಾವಿರ ಡಾಲರು ಬಂಡವಾಳದಲ್ಲಿ ‘ಯು-ಹಾಲ್’ ಆರಂಭಿಸಿದರು. ‘ನೀವೇ ಸಾಗಿಸಿಕೊಳ್ಳಿ’ ಎಂಬುದೇ ಆ ಹೆಸರಿನ ಅರ್ಥ. ಮೊದಲ ಟ್ರೈಲರುಗಳು ಸಿದ್ಧವಾದದ್ದು ವಾಷಿಂಗ್ಟನ್ ರಾಜ್ಯದ ರಿಡ್ಜ್‌ಫೀಲ್ಡಿನಲ್ಲಿ, ಆನಾ ಮೇರಿಯ ತವರಿನವರ ಜಮೀನಿನಲ್ಲಿ. ದೂರದಿಂದಲೇ ಕಾಣಲೆಂದು ಕಿತ್ತಳೆ ಬಣ್ಣ ಬಳಿದರು. ಒಂದು ಕಡೆ ತೆಗೆದುಕೊಂಡು ಇನ್ನೊಂದು ಕಡೆ ಬಿಡುವ ಏರ್ಪಾಡಿಗೆ ಊರೂರಲ್ಲೂ ಜನ ಬೇಕಲ್ಲ? ಪೆಟ್ರೋಲ್ ಬಂಕಿನವರನ್ನೇ ಏಜೆಂಟರನ್ನಾಗಿ ಹಿಡಿದರು. ಬಂಕಿನವನಿಗೆ ಹಿತ್ತಲ ಖಾಲಿ ಜಾಗದಿಂದ ಕಮಿಷನ್ನು, ಕಂಪನಿಗೆ ಅಂಗಡಿ ಕಟ್ಟುವ ಖರ್ಚಿಲ್ಲ. ಎಂಥ ಜಾಣ ಲೆಕ್ಕ! 1955ರ ಕೊನೆಗೆ ಹತ್ತು ಸಾವಿರಕ್ಕೂ ಹೆಚ್ಚು ಟ್ರೈಲರುಗಳು ಓಡಾಡುತ್ತಿದ್ದವು. ಎಪ್ಪತ್ತರ ದಶಕದ ಎಣ್ಣೆ ಬಿಕ್ಕಟ್ಟಿನಲ್ಲಿ ಬಂಕುಗಳು ಮುಚ್ಚತೊಡಗಿದ ಮೇಲೆ ಕಂಪನಿ ತನ್ನದೇ ಕೇಂದ್ರಗಳನ್ನು ಕಟ್ಟಿತು.

ನಮ್ಮಲ್ಲಿ ಇದು ಬೇರೂರದಿದ್ದರೆ ಆಶ್ಚರ್ಯವಿಲ್ಲ. ಅಲ್ಲಿ ಆಳಿನ ಕೂಲಿ ದುಬಾರಿ, ಗಾಡಿ ಅಗ್ಗ, ನಮ್ಮಲ್ಲಿ ತಿರುಗುಮುರುಗು. ಹಾಗಾಗಿ ‘ನಮ್ಮ ಕೆಲಸ ನಾವೇ ಮಾಡುತ್ತೇವೆ’ ಎಂದು ಅವರು ಹೆಮ್ಮೆಪಡುವಾಗ ನಾನು ಪೂರ್ತಿ ತಲೆದೂಗುವುದಿಲ್ಲ. ಅಳಿಯಂದಿರ ಸೊಂಟ ಎರಡು ದಿನ ಹಿಡಿದುಕೊಂಡಿತ್ತು.

ಕಂಪನಿಯ ಹೆಸರಿನೊಂದಿಗೆ ಜನ ನೆನೆಯುವುದು ಲೆನರ್ಡ್‌ನನ್ನು, ಆಮೇಲೆ ಮಕ್ಕಳ ಜಗಳವನ್ನು. 1986ರಲ್ಲಿ ಮಕ್ಕಳಲ್ಲಿ ಕೆಲವರು ತಂದೆಯನ್ನೇ ಆಡಳಿತದಿಂದ ಹೊರಗಿಟ್ಟರು. ಒಡಹುಟ್ಟಿದವರ ವ್ಯಾಜ್ಯ ವರ್ಷಗಟ್ಟಲೆ ಕೋರ್ಟಿನಲ್ಲಿ ನಡೆಯಿತು. ಲೆನರ್ಡ್ ತೀರಿಕೊಂಡದ್ದು 1999ರಲ್ಲಿ. ಆನಾ ಮೇರಿ ಅದಕ್ಕೂ ಎಷ್ಟೋ ಮೊದಲೇ, 1957ರಲ್ಲಿ, ಆರು ಮಕ್ಕಳನ್ನು ಬಿಟ್ಟು ಕಣ್ಣುಮುಚ್ಚಿದ್ದಳು. ಬಾಡಿಗೆಗೆ ಲಾರಿಗಳು ಸೇರಿದ್ದು 1959ರಲ್ಲಿ. ಆಕೆ ಕಂಡದ್ದು ಟ್ರೈಲರುಗಳನ್ನಷ್ಟೇ, ಅಟ್ಟವಿದ್ದ ಲಾರಿಯನ್ನಲ್ಲ.