ವೀಸಾ ಮತ್ತು ವಿಶ್ವವಿದ್ಯಾಲಯದ ಶುಲ್ಕ: ಆಸ್ಟ್ರೇಲಿಯಾದ ಅರ್ಧ ಶತಮಾನ

ಆಸ್ಟ್ರೇಲಿಯಾದಲ್ಲಿ ವಿಶ್ವವಿದ್ಯಾಲಯದ ಸೀಟು ಅಂಕದ ಮೇಲೆ ಸಿಗುತ್ತದೆ. ಶುಲ್ಕ ಪೌರತ್ವ ಇಲ್ಲವೇ ವೀಸಾದ ಮೇಲೆ ನಿಲ್ಲುತ್ತದೆ. ಬ್ರಿಸ್ಬೇನಿನ ಉತ್ತರಕ್ಕಿರುವ ನಾರ್ತ್ ಲೇಕ್ಸ್‌ನ ಒಂದೇ ತರಗತಿಯಲ್ಲಿ ಹನ್ನೆರಡನೆಯ ವರ್ಷ ಮುಗಿಸಿದ ಇಬ್ಬರು, ಹತ್ತಿರದ ಪೆಟ್ರಿಯಲ್ಲಿ 2020ರಲ್ಲಿ ತೆರೆದ ಸನ್‌ಶೈನ್ ಕೋಸ್ಟ್ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ ಸೇರಿದರೂ ಒಬ್ಬರಿಗೆ ಸರ್ಕಾರದ ಸಾಲ ಸಿಗಬಹುದು, ಇನ್ನೊಬ್ಬರು ವಿದೇಶಿ ವಿದ್ಯಾರ್ಥಿಯ ಪೂರ್ತಿ ಶುಲ್ಕ ತೆರಬೇಕಾಗಬಹುದು.

ಈ ಭೇದ ಹಿಂದೆ ಇಷ್ಟು ಕಟುವಾಗಿರಲಿಲ್ಲ. ವಿಟ್ಲಮ್ ಸರ್ಕಾರ 1974ರ ಜನವರಿಯಿಂದ ಬೋಧನಾ ಶುಲ್ಕವನ್ನೇ ರದ್ದು ಮಾಡಿದಾಗ ಹೊರದೇಶದ ವಿದ್ಯಾರ್ಥಿಗಳಿಗೂ ಅದರ ಲಾಭ ದೊರಕಿತು. ಫ್ರೇಸರ್ ಸರ್ಕಾರ 1980ರಲ್ಲಿ ಅವರ ಮೇಲೆ ಪ್ರತ್ಯೇಕ ಶುಲ್ಕ ಹೇರಿತು. 1985ರಲ್ಲಿ ಪೂರ್ತಿ ಶುಲ್ಕ ಪಡೆದು ವಿದೇಶಿಯರನ್ನು ಸೇರಿಸಿಕೊಳ್ಳಲು ಅನುಮತಿ ಸಿಕ್ಕಿತು. 1990ರಿಂದ ಹೊಸಬರಿಗೆಲ್ಲ ಅದೇ ನಿಯಮವಾಯಿತು.

ಸ್ಥಳೀಯರಿಗೂ ಉಚಿತ ಓದು 1989ರಲ್ಲಿ ಮುಗಿಯಿತು. ಅರ್ಥಶಾಸ್ತ್ರಜ್ಞ ಬ್ರೂಸ್ ಚಾಪ್ಮನ್ ರೂಪಿಸುವಲ್ಲಿ ಪ್ರಮುಖ ಪಾತ್ರ ವಹಿಸಿದ ಹೆಕ್ಸ್ ಯೋಜನೆಯಲ್ಲಿ ವಿದ್ಯಾರ್ಥಿಯ ಪಾಲು ಆರಂಭದಲ್ಲಿ ವರ್ಷಕ್ಕೆ 1,800 ಡಾಲರ್. ಅದನ್ನು ಸಾಲವಾಗಿ ಇಟ್ಟುಕೊಂಡು, ಸಂಬಳ ಗೊತ್ತುಪಡಿಸಿದ ಮಟ್ಟ ಮುಟ್ಟಿದ ಮೇಲೆ ತೆರಿಗೆಯ ಜೊತೆ ತೀರಿಸಬಹುದಿತ್ತು. 2005ರಲ್ಲಿ ಈ ಸಾಲ ‘ಹೆಲ್ಪ್’ ಹೆಸರಿನಡಿ ಬಂತು. ಪೌರರಿಗೂ ಕಾಯಂ ಮಾನವೀಯ ವೀಸಾ ಪಡೆದ ನಿರಾಶ್ರಿತರಿಗೂ ಅದು ಸಿಗುತ್ತದೆ. ಇತರ ಕಾಯಂ ನಿವಾಸಿಗಳಿಗೆ ಸಬ್ಸಿಡಿ ಸೀಟು ಉಂಟು, ಆದರೆ ಸಾಮಾನ್ಯವಾಗಿ ಸಾಲವಿಲ್ಲ. ತಮ್ಮ ಪಾಲಿನ ಹಣವನ್ನು ಮುಂಗಡವಾಗಿ ಕಟ್ಟಬೇಕು. ಬೆಂಗಳೂರಿನಿಂದ ಉದ್ಯೋಗ ವೀಸಾದಲ್ಲಿ ಹೋದ ಕನ್ನಡ ಕುಟುಂಬದ ಮಗುವಿಗೂ ಇದೇ ಮೆಟ್ಟಿಲು: ಕಾಯಂ ವಾಸ ಸಿಗುವವರೆಗೆ ವಿದೇಶಿ ಶುಲ್ಕ, ಆಮೇಲೆ ಸಬ್ಸಿಡಿ ಸೀಟು, ಪೌರತ್ವ ಬಂದ ಮೇಲೆ ಸಾಲ.

ತಾತ್ಕಾಲಿಕ ವೀಸಾದ ನಿರಾಶ್ರಿತರು ಈ ಮೆಟ್ಟಿಲಿನ ಹೊರಗೇ ಉಳಿದರು. ಹೋವರ್ಡ್ ಸರ್ಕಾರ 1999ರ ಅಕ್ಟೋಬರಿನಲ್ಲಿ ತಂದ ತಾತ್ಕಾಲಿಕ ರಕ್ಷಣಾ ವೀಸಾ 2008ರಲ್ಲಿ ರದ್ದಾಗಿ, 2014ರ ಕೊನೆಗೆ ಮತ್ತೆ ಜಾರಿಗೆ ಬಂತು. ಅಲ್ಲಿನ ಶಾಲೆಯಲ್ಲೇ ಕಲಿತ ಈ ಯುವಜನರೂ ವಿಶ್ವವಿದ್ಯಾಲಯದ ಲೆಕ್ಕದಲ್ಲಿ ವಿದೇಶಿಯರು. ಸರ್ಕಾರದ ಸಾಲ ಸಿಗದ ಕಾರಣ ಕೆಲವು ವಿಶ್ವವಿದ್ಯಾಲಯಗಳು ಪೂರ್ತಿ ಶುಲ್ಕ ಭರಿಸುವ ವಿದ್ಯಾರ್ಥಿವೇತನ ಆರಂಭಿಸಿದವು. ಪ್ರಕರಣ ಇತ್ಯರ್ಥವಾಗುವವರೆಗೆ ಉಳಿಯಲು ಕೊಡುವ ಕೆಲವು ಬ್ರಿಡ್ಜಿಂಗ್ ವೀಸಾಗಳಿಗಂತೂ ಓದುವಂತಿಲ್ಲ ಎಂಬ ಷರತ್ತೇ ಇತ್ತು. ಅಂಥವರಿಗೆ ವಿದ್ಯಾರ್ಥಿವೇತನವೂ ಉಪಯೋಗಕ್ಕೆ ಬರುತ್ತಿರಲಿಲ್ಲ.

ವೀಸಾ ಇಲ್ಲದ ತಂದೆತಾಯಿಯ ಮಕ್ಕಳ ಸ್ಥಿತಿಯನ್ನು ಪೌರತ್ವ ಕಾನೂನು ತೀರ್ಮಾನಿಸುತ್ತದೆ. 1986ರ ಆಗಸ್ಟ್ 20ರಿಂದ ಕೇವಲ ಹುಟ್ಟಿನಿಂದ ಪೌರತ್ವ ಬರುವುದಿಲ್ಲ. ತಂದೆ ಅಥವಾ ತಾಯಿ ಪೌರರೋ ಕಾಯಂ ನಿವಾಸಿಯೋ ಆಗಿರಬೇಕು. ಆದರೆ ಅಲ್ಲೇ ಹುಟ್ಟಿ, ಅಲ್ಲೇ ಬೆಳೆದ ಮಗು ಹತ್ತು ವರ್ಷ ತುಂಬಿದಾಗ ಸಾಮಾನ್ಯವಾಗಿ ಪೌರತ್ವ ಪಡೆಯುತ್ತದೆ, ಕಾಲೇಜಿನ ವಯಸ್ಸಿಗೆ ಸಾಲಕ್ಕೂ ಅರ್ಹವಾಗುತ್ತದೆ. ಎಳವೆಯಲ್ಲಿ ಬಂದು ಸೇರಿದ ಮಗುವಿಗೆ ಈ ದಾರಿಯಿಲ್ಲ.

2023ರ ಫೆಬ್ರವರಿಯಲ್ಲಿ ಸರ್ಕಾರ ತಾತ್ಕಾಲಿಕ ರಕ್ಷಣೆಯಲ್ಲಿದ್ದ ಸುಮಾರು 19,000 ಮಂದಿಗೆ ಕಾಯಂ ವೀಸಾದ ದಾರಿ ತೆರೆಯಿತು. ಅದನ್ನು ಪಡೆದವರು ವಿದ್ಯಾರ್ಥಿ ಸಾಲಕ್ಕೂ ಅರ್ಹರಾದರು. ಆಶ್ರಯದ ಅರ್ಜಿ ತಿರಸ್ಕೃತವಾಗಿ ಬ್ರಿಡ್ಜಿಂಗ್ ವೀಸಾದಲ್ಲಿ ಉಳಿದವರಿಗೆ ಮಾತ್ರ ವಿಶ್ವವಿದ್ಯಾಲಯಗಳ ವಿದ್ಯಾರ್ಥಿವೇತನವೇ ಮುಖ್ಯ ಆಸರೆಯಾಗಿ ಮುಂದುವರಿಯಿತು.